ಮೊಣಕಾಲಿನ ಅಳತೆ

ನನಗೆ ಆ ಕೆಲಸ ಕೊಡಿಸಿದವರು ನಮ್ಮೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು, ಗೇಲನ್ ಪ್ರೌಟಿ. ನೆವಾಡಾದ ಒಂದು ಮೂಲೆಯ ರೈಲ್ವೆ ಊರು ನಮ್ಮದು. ಅಲ್ಲಿ ಅವರ ಕೈಕೆಳಗೆ ಓದದ ಹುಡುಗರೇ ಇರಲಿಲ್ಲ. ಒಮ್ಮೆ ನೀರು ಎಷ್ಟು ಉಷ್ಣಾಂಶದಲ್ಲಿ ಕುದಿಯುತ್ತದೆಂದು ನೋಡಿ ಬರೆಯಲು ಹೇಳಿದ್ದರು. ನಾನು ಥರ್ಮಾಮೀಟರಿನ ಕಡೆ ಕಣ್ಣೆತ್ತಿಯೂ ನೋಡದೆ ಪುಸ್ತಕದಲ್ಲಿದ್ದ ಸಂಖ್ಯೆಯನ್ನೇ ಬರೆದು ಕೊಟ್ಟೆ. ನಮ್ಮೂರು ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿದೆ. ಅಲ್ಲಿ ನೀರು ಪುಸ್ತಕ ಹೇಳುವುದಕ್ಕಿಂತ ಕಡಿಮೆ ಉಷ್ಣಾಂಶದಲ್ಲೇ ಕುದಿಯುತ್ತದೆ. ಮೇಷ್ಟ್ರು ನನ್ನನ್ನು ಸಂಜೆ ಐದರವರೆಗೆ ನಿಲ್ಲಿಸಿಕೊಂಡು ನನ್ನ ಕೈಲಿ ಹನ್ನೊಂದು ಸಲ ನೀರು ಕುದಿಸಿದರು.

"ಪುಸ್ತಕ ಏನು ಹೇಳುತ್ತೆ ಅಂತ ನಾನು ಕೇಳ್ಲಿಲ್ಲ ಮರ್ಲ್. ನೀನು ಏನು ನೋಡ್ದೆ ಅಂತ ಕೇಳ್ದೆ," ಎಂದಿದ್ದರು.

ಅವರು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸುಳ್ಳು ಅಳತೆ ಎಂದರೆ ಮಾತ್ರ ತಟ್ಟೆಯಲ್ಲಿ ಹಲ್ಲಿ ಕಂಡವರ ಹಾಗೆ ಮುಖ ಮಾಡುತ್ತಿದ್ದರು.

ಐವತ್ತೇಳನೆಯ ಇಸವಿಯ ಹೊತ್ತಿಗೆ ರೈಲ್ವೆಗೆ ಡೀಸೆಲ್ ಇಂಜಿನ್‌ಗಳು ಬಂದು, ಉಗಿಬಂಡಿ ರಿಪೇರಿ ಮಾಡುತ್ತಿದ್ದ ನಮ್ಮೂರಿನ ಶೆಡ್ಡಿಗೆ ಬೀಗ ಬಿದ್ದಿತ್ತು. ನಾನು ಕೊರಿಯಾದಿಂದ ಬಂದು ಅದೇ ಶೆಡ್ಡಿನಲ್ಲಿ ಮೂರು ವರ್ಷ ದುಡಿದಿದ್ದೆ. ಮೇಷ್ಟ್ರು ಅಷ್ಟರಲ್ಲಿ ಶಾಲೆ ಬಿಟ್ಟು ಅಣುಬಾಂಬು ಪರೀಕ್ಷೆಯ ಬಯಲಿನಲ್ಲಿ ಕೆಲಸಕ್ಕೆ ಸೇರಿದ್ದರು. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನನ್ನ ಹೆಗಲಿಗೆ ಕೈಹಾಕಿದರು.

"ಮುಳ್ಳು ನೋಡಿ ಇದ್ದದ್ದನ್ನ ಇದ್ದಹಾಗೆ ಹೇಳೋ ಒಬ್ಬ ಬೇಕು ನನಗೆ. ಬರ್ತೀಯಾ?"

ಬರುವುದಿಲ್ಲ ಎನ್ನಲು ನನಗೇನೂ ಕಾರಣವಿರಲಿಲ್ಲ.

ಮೂರು ವಾರ ತರಬೇತಿ ಕೊಟ್ಟರು. ನಾಲ್ಕನೆಯ ವಾರ ವಿಕಿರಣ ಅಳೆಯುವ ಒಂದು ಗೈಗರ್ ಪೆಟ್ಟಿಗೆ, ಒಂದು ಜೊತೆ ಬಿಳಿ ಮೇಲಂಗಿ, ಒಂದು ಪೊರಕೆ ಕೊಟ್ಟರು. ಪೊರಕೆ ಯಾಕೆಂದು ಕೇಳಿದ್ದಕ್ಕೆ ಸ್ಟೋರಿನವನು, "ಬೂದಿ ಗುಡಿಸೋಕೆ ಕಣಯ್ಯಾ, ಮತ್ತೆ ಮಾಟಗಾತಿ ಥರ ಅದರ ಮೇಲೆ ಹಾರಿಕೊಂಡು ಹೋಗೋಕಾ?" ಎಂದು ನಕ್ಕ.

ನಮ್ಮದು ತೊಳೆಯುವ ಠಾಣೆ. ಸ್ಫೋಟದ ಬಯಲಿನಿಂದ ಹಿಂದಿರುಗುವ ದಾರಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಆಚೆ ಕೊಳಕು, ಈಚೆ ಚೊಕ್ಕಟ. ಎರಡು ಡೇರೆ, ಹಲಗೆಯ ಮೇಲೆ ನಿಂತು ಮೀಯಲು ಹನ್ನೆರಡು ಕೊಳಾಯಿ, ಕೊಳಕು ಬಟ್ಟೆ ಹಾಕಲು ಡ್ರಮ್ಮುಗಳು. ಮುಂಜಾನೆ ಬಾಂಬು ಸಿಡಿಯುವಾಗ ಸೈನಿಕರು ಎರಡು ಮೈಲಿ ದೂರದ ಕಂದಕದಲ್ಲಿ ಬೆನ್ನು ತಿರುಗಿಸಿ, ಮೊಣಕೈ ಮಡಚಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಆಮೇಲೆ ಅವರನ್ನು ಎಬ್ಬಿಸಿ, ಸಿಡಿದ ಜಾಗದ ಕಡೆಗೇ ನಡೆಸುತ್ತಿದ್ದರು. ಸೈನಿಕ ಇಂಥದಕ್ಕೆಲ್ಲ ಹೆದರಬಾರದು ಎಂದು ತೋರಿಸುವುದು ಆ ಕವಾಯತಿನ ಉದ್ದೇಶ. ವಾಪಸು ಬರುವಾಗ ನಮ್ಮ ಹಗ್ಗದ ಮುಂದೆ ನಿಂತು ಒಬ್ಬರ ಬೆನ್ನನ್ನು ಒಬ್ಬರು ಪೊರಕೆಯಿಂದ ಗುಡಿಸಬೇಕು. ಬಳಿಕ ನಾವು ತಲೆಯಿಂದ ಕಾಲಿನವರೆಗೆ ಪೆಟ್ಟಿಗೆಯ ಕೋಲು ಆಡಿಸುತ್ತಿದ್ದೆವು. ಮುಳ್ಳು ಏಳನ್ನು ದಾಟಿದರೆ ಬಟ್ಟೆ ಬಿಚ್ಚಿ, ಸೋಪು ಹಾಕಿ ಉಜ್ಜಿ ತೊಳೆದು, ಮತ್ತೆ ಅಳತೆ. ಏಳಕ್ಕೆ ಇಳಿಯುವ ತನಕ ಹಗ್ಗ ದಾಟುವಂತಿಲ್ಲ.

ಆ ಏಳನ್ನು ಮೇಷ್ಟ್ರೇ ಬರೆದಿದ್ದರು. ಶಾಲೆಯಿಂದ ಒಂದು ಹಳೆಯ ಕಪ್ಪುಹಲಗೆ ತಂದು ಡೇರೆಯ ಕಂಬಕ್ಕೆ ನೇತುಹಾಕಿ, ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಏಳು ಎಂಬ ಅಂಕಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಮೇ ತಿಂಗಳಲ್ಲಿ ಒಬ್ಬ ಕರ್ನಲ್ ಒಂಬತ್ತು ತೋರಿಸಿದ. ಮೇಷ್ಟ್ರು ಅವನನ್ನು ಎರಡು ಸಲ ಮೀಯಿಸಿದರು. ಕರ್ನಲ್ ಟವೆಲು ಸುತ್ತಿಕೊಂಡು, ಬರಿಗಾಲಿನಲ್ಲಿ ನಿಂತು ಕೂಗಾಡಿದ. ಮೇಷ್ಟ್ರು ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡು, "ಮೂರನೇ ಸಲಕ್ಕೆ ಕಿವಿ ಹಿಂದೆ ಉಜ್ಜಿ ಸಾರ್," ಎಂದರು. ಆ ದಿನ ನಾನು ನನ್ನ ತಾಯಿಗೆ ಕಾಗದ ಬರೆದು, ಇಂಥವರ ಕೈಕೆಳಗೆ ಕೆಲಸ ಮಾಡುವುದು ಪುಣ್ಯ ಎಂದಿದ್ದೆ.

ಒಂದು ಸಂಗತಿ ಮಾತ್ರ ನನ್ನನ್ನು ಚುಚ್ಚುತ್ತಿತ್ತು. ಮೈಗೆ ಎಷ್ಟು ವಿಕಿರಣ ತಗುಲಿತೆಂದು ಹಿಡಿದಿಡುವ ಫಿಲ್ಮಿನ ಬಿಲ್ಲೆ ನಮಗೆಲ್ಲ ಒಬ್ಬೊಬ್ಬರಿಗೂ ಇತ್ತು. ಸೈನಿಕರಿಗೆ ನಲವತ್ತು ಜನಕ್ಕೆ ಒಂದು, ಅದೂ ಸಾರ್ಜೆಂಟನ ಜೇಬಿನಲ್ಲಿ. ಕೇಳಿದ್ದಕ್ಕೆ ಮೇಷ್ಟ್ರು, "ಅದು ಸೇನೆಯವರ ಲೆಕ್ಕ. ನಮ್ಮದು ಹಗ್ಗ," ಎಂದರು. ನಾನು ಒಪ್ಪಿಕೊಂಡೆ.

ಆಗಸ್ಟ್ ಕೊನೆಯ ವಾರ ಒಂದು ದೊಡ್ಡ ಬಾಂಬು ಸಿಡಿಸಿದರು. ಸಿಡಿದ ಹತ್ತು ನಿಮಿಷಕ್ಕೆ ಗಾಳಿ ತಿರುಗಿತು. ಮೋಡದ ಬುಡ ಕಂದಕದ ಮೇಲೆ ಹಾದು, ನಸುಗೆಂಪು ಧೂಳು ಇಳಿಯುತ್ತಿದ್ದುದು ನಮಗೆ ಠಾಣೆಯಿಂದಲೇ ಕಾಣುತ್ತಿತ್ತು. ಏಳು ಗಂಟೆಯ ಹೊತ್ತಿಗೆ ಇನ್ನೂರ ಹತ್ತು ಮಂದಿ ಹಗ್ಗದ ಮುಂದೆ ಬಂದು ನಿಂತರು. ರೆಪ್ಪೆ, ಹುಬ್ಬು, ಮೂಗಿನ ಹೊಳ್ಳೆ ಎಲ್ಲ ಒಂದೇ ಬಣ್ಣ. ಉಗುಳಿದರೆ ಕೆಸರು ಬೀಳುತ್ತಿತ್ತು. ಮೊದಲ ಇಪ್ಪತ್ತು ಮಂದಿಯನ್ನು ಅಳೆದೆ. ಗುಡಿಸಿದ ಮೇಲೂ ಹದಿಮೂರಕ್ಕಿಂತ ಕಡಿಮೆ ಯಾರೂ ಇರಲಿಲ್ಲ.

ಎಲ್ಲರೂ ಮೀಯಬೇಕು. ನೀರು ನೋಡಿದರೆ ತೊಟ್ಟಿಯ ತಳದಲ್ಲಿತ್ತು.

ಸೈನಿಕರ ಜವಾಬ್ದಾರಿ ಹೊತ್ತಿದ್ದ ಮೇಜರ್ ವಿಟ್‌ಲಾಕ್ ಜೀಪಿನಿಂದ ಇಳಿದು ಬಂದ. ಇಸ್ತ್ರಿ ಕೆಡದ ಅಂಗಿ.

"ಎಷ್ಟು ಜನಕ್ಕೆ ಸಾಲುತ್ತೆ ಈ ನೀರು?"

"ಉಜ್ಜಿ ತೊಳೆದ್ರೆ ಮೂವತ್ತೈದು ಜನಕ್ಕೆ," ಎಂದರು ಮೇಷ್ಟ್ರು. "ಆರು ಗಂಟೆಗೇ ಟ್ಯಾಂಕರ್ ಬರಬೇಕಿತ್ತು. ಎಲ್ಲಿದೆ ಅದು?"

"ರಸ್ತೆಗೆ ನೀರು ಹೊಡೀತಿದೆ. ರಾಜಧಾನಿಯಿಂದ ಬಂದಿರೋ ಅತಿಥಿಗಳ ಕಾರು ಹೋಗಬೇಕಲ್ಲ, ಧೂಳು ಏಳಬಾರದು."

"ಅವರು ಕೂತಿರೋದು ಏಳು ಮೈಲಿ ಆಚೆ!"

"ಅವರ ಹೆಂಡತಿಯರೂ ಬಂದಿದ್ದಾರೆ ಮಿಸ್ಟರ್ ಪ್ರೌಟಿ. ಒಂಬತ್ತಕ್ಕೆ ಬಸ್ಸು. ಒಂಬತ್ತೂವರೆಗೆ ಈ ಹುಡುಗರು ಅವರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ನಗ್ತಾ."

"ಏಳಕ್ಕಿಂತ ಜಾಸ್ತಿ ಇರೋರನ್ನ ನಾನು ದಾಟಿಸೋದಿಲ್ಲ."

"ಆ ಏಳು ಬರೆದೋರು ಯಾರು?"

"ನಾನು."

"ಹಾಗಾದ್ರೆ ಅಳಿಸೋದಕ್ಕೂ ನಿಮಗೇ ಬರುತ್ತೆ," ಎಂದು ಮೇಜರ್ ನಕ್ಕ. ಆಮೇಲೆ ಅವರನ್ನು ಜೀಪಿನ ಹತ್ತಿರ ಕರೆದುಕೊಂಡು ಹೋದ.

ಅಲ್ಲಿ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಮೇಷ್ಟ್ರು ವಾಪಸು ಬಂದವರೇ ಯಾರ ಮುಖವನ್ನೂ ನೋಡದೆ ತೋಳಿನಿಂದ ಹಲಗೆ ಒರೆಸಿ, ಇಪ್ಪತ್ತು ಎಂದು ಬರೆದರು. ಕೆಳಗೆ ಮೊದಲಿನ ಹಾಗೆಯೇ ಗೆರೆಯನ್ನೂ ಎಳೆದರು. ಗೆರೆ ನೆಟ್ಟಗಿತ್ತು.

"ಮೇಷ್ಟ್ರೇ, ಇಪ್ಪತ್ತು ಹೇಗೆ?" ಎಂದೆ.

"ಏಳು ಅನ್ನೋದೂ ಒಂದು ಅಂದಾಜೇ ಕಣೋ. ತೀರಾ ಕೆಳಗೆ ಇಟ್ಟಿದ್ವಿ."

"ನೀರು ಇದ್ದಿದ್ರೆ?"

"ಸಾಲು ನಡೀಲಿ ಮರ್ಲ್."

ಸಾಲು ನಡೆಯಿತು. ಹದಿನಾಲ್ಕು, ಹದಿನೇಳು, ಹದಿನಾರು. ನಾನು ಗಟ್ಟಿಯಾಗಿ ಕೂಗಿ, ಕಾಗದದಲ್ಲಿ ಹೆಸರಿನ ಮುಂದೆ ಬರೆದು, ರುಜು ಹಾಕಿ ಕಳಿಸುತ್ತಿದ್ದೆ. ಇಪ್ಪತ್ತು ದಾಟಿದವರನ್ನು ಇನ್ನೊಂದು ಸಲ ಗುಡಿಸಿದರೆ ಇಳಿಯುತ್ತಿತ್ತು. ಬೆಳಗ್ಗೆ ಏಳು ಗಂಟೆಗೆ ಕೊಳಕಾಗಿದ್ದವರು ಎಂಟೂವರೆಗೆ ಚೊಕ್ಕಟವಾಗಿ ಬಸ್ಸು ಹತ್ತಿದರು. ಅವರ ಮೈಮೇಲೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಕೆಲವರು ನನಗೆ ಥ್ಯಾಂಕ್ಸ್ ಹೇಳಿದರು.

ಕೊನೆಯಲ್ಲಿ ಮೂವರು ಬಂದರು. ಮುಂದಿದ್ದವನ ಹೆಸರು ಲಾನಿ ಟ್ಯಾಕೆಟ್; ಕೆಂಟಕಿಯ ಕಲ್ಲಿದ್ದಲ ಗಣಿಯ ಕಡೆಯವನು, ಇಪ್ಪತ್ತೊಂದು ವಯಸ್ಸು. ಅವರನ್ನು ಹಂದಿ ಹೊರಲು ಕಳಿಸಿದ್ದರು. ಬಾಂಬಿನ ಬಿಸಿಗೆ ಯಾವ ಬಟ್ಟೆ ತಡೆಯುತ್ತದೆಂದು ನೋಡಲು, ಜೀವಂತ ಹಂದಿಗಳಿಗೆ ಸೈನಿಕರ ಬಟ್ಟೆಯಲ್ಲೇ ಹೊಲಿದ ಅಂಗಿ ತೊಡಿಸಿ ಬಯಲಿನಲ್ಲಿ ಕಟ್ಟಿಹಾಕಿದ್ದರು. ಸತ್ತವನ್ನೂ ಅರೆಬೆಂದವನ್ನೂ ಈ ಮೂವರು ಹೆಗಲ ಮೇಲೆ ಹೊತ್ತು ಲಾರಿಗೆ ತುಂಬಿ ಬಂದಿದ್ದರು. ಟ್ಯಾಕೆಟ್‌ನ ಕತ್ತು, ಕಾಲರು, ಬಲ ಹೆಗಲು ಹಂದಿಯ ಕರಗಿದ ಕೊಬ್ಬಿನಲ್ಲಿ ನೆಂದು, ಅದಕ್ಕೆ ಆ ಕೆಂಪು ಧೂಳು ಮೆತ್ತಿಕೊಂಡು ಹೆಪ್ಪುಗಟ್ಟಿತ್ತು. ಸುಟ್ಟ ಕೂದಲಿನ ನಾತ ನನ್ನ ಮುಖವಾಡದೊಳಕ್ಕೂ ನುಗ್ಗಿತು.

"ನನ್ನ ಅಂಗಿಗಿಂತ ಹಂದಿ ಅಂಗೀನೇ ಚೆನ್ನಾಗಿತ್ತು ಸಾರ್. ಜಿಪ್ಪು ಬೇರೆ ಇತ್ತು ಅದಕ್ಕೆ," ಎಂದ ಟ್ಯಾಕೆಟ್. ಹಿಂದಿನವರಿಬ್ಬರೂ ನಕ್ಕರು.

ಪೊರಕೆಗೆ ಅದು ಬರಲಿಲ್ಲ. ಇನ್ನಷ್ಟು ಸವರಿ ಹರಡಿತು. ಕೋಲನ್ನು ಅವನ ಕಾಲರಿನ ಹತ್ತಿರ ಹಿಡಿದೆ. ಮುಳ್ಳು ಹೋಗಿ ಆ ತುದಿಗೆ ಬಡಿದು ಅಲ್ಲೇ ನಿಂತಿತು. ದೊಡ್ಡ ಅಳತೆಗೆ ತಿರುಗಿಸಿದೆ. ಮುನ್ನೂರ ನಲವತ್ತು.

"ಮೇಷ್ಟ್ರೇ," ಎಂದೆ. "ಇವನಿಗೆ ನೀರು ಬೇಕೇ ಬೇಕು."

ನೀರು ಆಗಲೇ ಮುಗಿದಿತ್ತು. ಮೇಜರ್‌ನ ಜೊತೆ ಬಂದಿದ್ದ ಅಧಿಕಾರಿಗಳು ಉಳಿದಿದ್ದ ನೀರಿನಲ್ಲಿ ಮಿಂದು ಹೋಗಿದ್ದರು. ಬಿಳಿ ಟವೆಲುಗಳು ಹಲಗೆಯ ಮೇಲೆ ಬಿದ್ದಿದ್ದವು. ಆಚೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಮೇಜರ್ ಗಡಿಯಾರ ನೋಡಿಕೊಂಡ.

ಮೇಷ್ಟ್ರು ನನ್ನ ಪಕ್ಕಕ್ಕೆ ಬಂದು, ಕೋಲು ಹಿಡಿದಿದ್ದ ನನ್ನ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದು ಕೆಳಕ್ಕೆ ಒತ್ತಿದರು. ಶಾಲೆಯಲ್ಲಿ ಪೆನ್ಸಿಲು ಹಿಡಿಯುವುದನ್ನು ತಿದ್ದುತ್ತಿದ್ದ ಹಾಗೆಯೇ, ಮೃದುವಾಗಿ. ಕೋಲು ಕತ್ತಿನಿಂದ ಎದೆಗೆ, ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಬಂತು.

"ಇಲ್ಲಿ ಓದು," ಎಂದರು. ಪೆಪ್ಪರ್‌ಮಿಂಟಿನ ವಾಸನೆ ಬಂತು.

ಮುಳ್ಳು ಹತ್ತೊಂಬತ್ತರ ಮೇಲೆ ಕೂತಿತು.

ಅವರು ಕೈಬಿಟ್ಟು ಹಿಂದೆ ಸರಿದರು. ಇಲ್ಲಿಂದ ಮುಂದಿನದನ್ನು ಯಾರೂ ನನ್ನಿಂದ ಮಾಡಿಸಲಿಲ್ಲ. ನನ್ನ ಬಾಯಿ ನನ್ನದೇ ಆಗಿತ್ತು, ಪೆನ್ನೂ ನನ್ನದೇ.

"ಹತ್ತೊಂಬತ್ತು!" ಎಂದು ಕೂಗಿದೆ. ಬರೆದೆ. ರುಜು ಹಾಕಿದೆ. ಉಳಿದಿಬ್ಬರ ಮೊಣಕಾಲನ್ನೂ ಅಳೆದೆ.

"ಪಾಸಾ ಸಾರ್?" ಎಂದ ಟ್ಯಾಕೆಟ್.

"ಪಾಸು," ಎಂದೆ.

ಮಧ್ಯಾಹ್ನ ಊಟದ ಮನೆಯಲ್ಲಿ ಮೇಷ್ಟ್ರು ನನ್ನ ಎದುರಿಗೇ ಬಂದು ಕೂತರು. ಹುರುಳಿಕಾಯಿ, ಆಲೂಗಡ್ಡೆ, ಮಾಂಸದ ಗ್ರೇವಿ. ಎಲ್ಲವನ್ನೂ ಉಂಡು, ಬ್ರೆಡ್ಡಿನ ತುಂಡಿನಿಂದ ತಟ್ಟೆಯಲ್ಲಿ ಉಳಿದ ಗ್ರೇವಿಯನ್ನು ಸುತ್ತಲೂ ಒರೆಸಿ ಒರೆಸಿ ತಿಂದರು. ತಟ್ಟೆ ತೊಳೆದಂತಾಯಿತು. ಬೆರಳನ್ನೂ ನೆಕ್ಕಿಕೊಂಡರು. ನಾನು ತಟ್ಟೆ ಬಿಟ್ಟು ಹೊರಗೆ ಓಡಿ ಕಕ್ಕಿದೆ. ಧೂಳು ನುಂಗಿದ್ದಕ್ಕೆ ವಾಂತಿ ಬಂತೆಂದು ಪಕ್ಕದವರು ತಿಳಿದರು. ಆ ಮಧ್ಯಾಹ್ನದಿಂದ ನನ್ನ ಬಾಯಲ್ಲಿ ಅವನು ಮೇಷ್ಟ್ರಲ್ಲ, ಬರೀ ಪ್ರೌಟಿ. ನನ್ನ ಬಗ್ಗೆ ಏನು ಹೇಳಲಿ? ಸಂಜೆ ಮೀಯುವಾಗ ಬಲಗೈಯನ್ನು ಮೂರು ಸಲ ಉಜ್ಜಿದೆ. ಪೆಟ್ಟಿಗೆಯ ಕೋಲು ಹಿಡಿದು ನೋಡಿದರೆ ಕೈಮೇಲೆ ಏನೂ ಇರಲಿಲ್ಲ.

ಮೂರನೆಯ ದಿನ ರಜೆ ಇತ್ತು. ಲಾರಿಯೊಂದನ್ನು ಹತ್ತಿ ಸೈನಿಕರ ಬಿಡಾರಕ್ಕೆ ಹೋದೆ. ಡೇರೆಯ ಮುಂದೆ ನಾಲ್ಕೈದು ಜನ ಇಸ್ಪೀಟು ಆಡುತ್ತಿದ್ದರು.

"ಓಹೋ, ಪೊರಕೆ ಸಾಹೇಬ್ರು ಬಂದ್ರು! ಹಾಸಿಗೆ ಕೆಳಗೂ ಸ್ವಲ್ಪ ಗುಡಿಸಿಬಿಡಿ ಸಾಹೇಬ್ರೇ," ಎಂದ ಒಬ್ಬ.

"ಟ್ಯಾಕೆಟ್ ಎಲ್ಲಿ?"

"ಒಳಗಿದ್ದಾನೆ. ಹತ್ತಿರ ಹೋಗಬೇಡಿ, ಗಬ್ಬು ನಾತ. ಬೆಳಗ್ಗೆಯಿಂದ ಮೂರು ಸಲ ಕಕ್ಕಿದ್ದಾನೆ."

ಟ್ಯಾಕೆಟ್ ಅಂಗಿ ಬಿಚ್ಚಿ ಮಂಚದ ಅಂಚಿನಲ್ಲಿ ಕೂತಿದ್ದ. ಕತ್ತಿನ ಸುತ್ತ, ಕಾಲರಿದ್ದ ಕಡೆ, ಕೆಂಪು ಪಟ್ಟಿ ಎದ್ದಿತ್ತು. ಅದನ್ನು ಕೆರೆದುಕೊಳ್ಳುತ್ತಲೇ ನನ್ನನ್ನು ನೋಡಿ ನಕ್ಕ.

"ಬನ್ನಿ ಸಾರ್. ಇದೇನು ಸಾರ್ ಇದು, ಬೆಂಕಿ ಇಟ್ಟ ಹಾಗೆ ಉರಿಯುತ್ತೆ? ಬಿಡಾರದ ಡಾಕ್ಟ್ರು ಬಿಸಿಲು ಬಡಿದಿದೆ ಅಂದ್ರು. ನಮ್ಮಮ್ಮನಾಣೆ, ಹದಿನಾರು ವರ್ಷಕ್ಕೇ ಗಣಿಗಿಳಿದು ಗಟ್ಟಿಯಾದೋನು ನಾನು, ಬಿಸಿಲು ಬಡಿಯುತ್ತಾ ನನಗೆ?"

"ಆವತ್ತು ಮೈ ತೊಳೆದೆಯಾ?"

"ಫೋಟೋ ಆದಮೇಲೆ, ಊಟ ಆದಮೇಲೆ, ಸಂಜೆ. ಗಾಬರಿ ಏನಿಲ್ಲ ಅಂತ ಆರಾಮಾಗಿದ್ದೆ. ನೀವೇ ಹೇಳಿದ್ರಲ್ಲ, ಪಾಸು ಅಂತ. ಇವರಿಗೆಲ್ಲ ನಾನು ಅದನ್ನೇ ಹೇಳ್ತಿದೀನಿ. ಆ ಪೆಟ್ಟಿಗೆ ಸಾರ್ ಒಳ್ಳೆಯವರು, ಕೆಟ್ಟದಿದ್ದಿದ್ರೆ ಹೇಳ್ತಿದ್ರು ಅಂತ."

ನಾನು ಎದುರಿನ ಮಂಚದ ಮೇಲೆ ಕೂತೆ. ಬರುವಾಗ ಲಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ನಾನು ಅಳೆದದ್ದು ನಿನ್ನ ಮೊಣಕಾಲು ಟ್ಯಾಕೆಟ್."

"ಏನು?"

"ಕಾಲರಿನ ಹತ್ತಿರ ಮುನ್ನೂರ ನಲವತ್ತು ಇತ್ತು. ನೀರಿರಲಿಲ್ಲ. ಕೋಲು ಕೆಳಗೆ ಹಿಡಿದು ಹತ್ತೊಂಬತ್ತು ಅಂತ ಬರೆದೆ."

ಅವನು ಕೆರೆಯುವುದನ್ನು ನಿಲ್ಲಿಸಿದ. ಮೊದಲು ನಕ್ಕ, ನಾನೇನೋ ತಮಾಷೆ ಮಾಡುತ್ತಿದ್ದೇನೆಂದು. ಆಮೇಲೆ ನನ್ನ ಮುಖವನ್ನೇ ನೋಡಿದ.

"ಬಂದೂಕು ಇಟ್ಟಿದ್ರಾ ನಿಮ್ಮ ತಲೆಗೆ?"

"ಇಲ್ಲ."

"ಮತ್ತೆ?"

"ಕೈ ಹಿಡಿದು ಕೆಳಗೆ ಒತ್ತಿದರು. ಆಮೇಲೆ ಬಿಟ್ಟರು."

"ಬಿಟ್ಟಮೇಲೂ ಅಲ್ಲೇ ಇಟ್ಟುಕೊಂಡಿದ್ರಾ?"

"ಹೂಂ."

ಅವನು ನನ್ನ ಬೂಟಿನ ಹತ್ತಿರ ಉಗುಳಿದ. ಉಗುಳಿನಲ್ಲಿ ಪಿತ್ತದ ಹಳದಿ ಇತ್ತು. "ಹಂದಿನೇ ವಾಸಿ ಕಣೋ. ಅದಕ್ಕೆ ಸುಳ್ಳು ಹೇಳಿರ್ಲಿಲ್ಲ ಯಾರೂ," ಎಂದ. ಅಲ್ಲಿಗೆ 'ಸಾರ್' ಹೋಯಿತು. ದಿಂಬಿನ ಕೆಳಗಿನಿಂದ ಒಂದು ಕಾಗದದ ಹಾಳೆ ತೆಗೆದು ನನ್ನ ಕಡೆ ಎಸೆದ. ಮನೆಗೆ ಬರೆಯಲು ಇಟ್ಟುಕೊಂಡಿದ್ದು. "ಬರಿ. ಈಗ ಹೇಳಿದ್ದನ್ನ ಹಾಗೇ ಬರಿ. ಹೆಸರು ಹಾಕು."

ಬಯಲಿನಲ್ಲಿ ಕಂಡದ್ದನ್ನು ಹೊರಗೆ ಹೇಳಿದರೆ ಹತ್ತು ವರ್ಷ ಜೈಲು ಎಂಬ ಕಾಗದಕ್ಕೆ ನಾನು ರುಜು ಹಾಕಿದ್ದೆ. ಆದರೂ ದಿನಾಂಕ, ಸಮಯ, ಕಾಲರು ಮುನ್ನೂರ ನಲವತ್ತು, ಮೊಣಕಾಲು ಹತ್ತೊಂಬತ್ತು, ಎಲ್ಲ ಬರೆದು ಹೆಸರು ಹಾಕಿದೆ. ಅವನು ಎರಡು ಸಲ ಓದಿಕೊಂಡು ಮಡಚಿದ.

"ಇನ್ನು ಹೋಗು," ಎಂದ. "ನಿನ್ನ ಮುಖ ನೋಡಿದ್ರೆ ಮತ್ತೆ ಕಕ್ಕೋ ಹಾಗಾಗುತ್ತೆ."

ಮರುದಿನ ಅವನು ಆ ಕಾಗದವನ್ನು ಬಿಡಾರದ ಡಾಕ್ಟರ ಮೇಜಿನ ಮೇಲಿಟ್ಟ. ಅದರಿಂದ ಒಂದು ಒಳ್ಳೆಯದಾಯಿತು: ಬಿಸಿಲು ಎನ್ನುತ್ತಿದ್ದ ಡಾಕ್ಟರು ಹೆದರಿ ಅವನನ್ನು ಆಸ್ಪತ್ರೆಗೆ ಕಳಿಸಿದರು. ಕೆಟ್ಟದ್ದೂ ಆಯಿತು: ಕಾಗದವನ್ನು ಡಾಕ್ಟರು ವಾಪಸು ಕೊಡಲಿಲ್ಲ. ಅದು ಮೇಲಕ್ಕೆ ಹೋಯಿತು. ಮೇಲಿನಿಂದ ಪ್ರೌಟಿಯ ಹತ್ತಿರಕ್ಕೆ ಮಾತಾಗಿ ಬಂತು.

ಅವನು ನನ್ನನ್ನು ಡೇರೆಗೆ ಕರೆಸಿದ. ಹಲಗೆಯ ಮೇಲೆ ಮತ್ತೆ ಏಳು ಎಂದು ಬರೆದಿತ್ತು.

"ನೋಡು ಮರ್ಲ್. ಗಾಬರಿಯಲ್ಲಿ ಓದಿದ್ದು ತಪ್ಪಾಯ್ತು, ದೊಡ್ಡ ಅಳತೆ, ಸಣ್ಣ ಅಳತೆ ಗೊಂದಲ ಆಯ್ತು ಅಂತ ಎರಡು ಸಾಲು ಬರೆದುಕೊಡು. ನಿನ್ನನ್ನ ಉಳಿಸ್ತೀನಿ."

"ಗೊಂದಲ ಆಗಿರಲಿಲ್ಲ ಮಿಸ್ಟರ್ ಪ್ರೌಟಿ. ನೀವೂ ನೋಡಿದ್ರಿ."

"ನಾನು ನೋಡಿದ್ದು ಹತ್ತೊಂಬತ್ತು."

ಅದನ್ನು ಹೇಳುವಾಗ ಅವನ ರೆಪ್ಪೆಯೂ ಮಿಟುಕಲಿಲ್ಲ. ಸುಳ್ಳು ಹೇಳುತ್ತಿರುವವನ ಮುಖ ಅದಾಗಿರಲಿಲ್ಲ. ನಂಬಿಬಿಟ್ಟಿದ್ದ. ವಾರದೊಳಗೇ ಅವನಿಗೆ ಅದು ನಿಜವಾಗಿತ್ತು. ನನಗೆ ಹೇಸಿಗೆ ಉಕ್ಕಿ ಬಂದದ್ದು ಆಗಲೇ. ಹಂದಿಯ ಕೊಬ್ಬಿಗೂ ಅಷ್ಟು ಬಂದಿರಲಿಲ್ಲ.

"ಹನ್ನೊಂದು ಸಲ ನೀರು ಕುದಿಸಿದ್ರಿ ನನ್ನ ಕೈಲಿ," ಎಂದೆ.

"ಅದು ಶಾಲೆ!" ಎಂದು ಅವನು ಮೊದಲ ಸಲ ದನಿ ಏರಿಸಿದ. "ಶಾಲೆಯಲ್ಲಿ ನೀರು ಕುದಿಯೋದು ತಡ ಆದ್ರೆ ಯಾರೂ ಬಂದು ಕೇಳಲ್ಲ. ಇಲ್ಲಿ ನಾನು ಇಪ್ಪತ್ತು ಬರೀದಿದ್ರೆ ನನ್ನ ಜಾಗಕ್ಕೆ ಇನ್ನೊಬ್ಬನನ್ನ ತಂದು ಕೂರಿಸ್ತಿದ್ರು. ಅವನು ಐವತ್ತು ಬರೀತಿದ್ದ, ನೂರು ಬರೀತಿದ್ದ. ನಾನಿದ್ರೆ ಉಳಿದ ದಿನವಾದ್ರೂ ಏಳು ಇರುತ್ತೆ. ಅರ್ಥ ಆಗುತ್ತೇನೋ ನಿನಗೆ? ನಿನ್ನನ್ನ ಇಲ್ಲಿಗೆ ಕರ್ಕೊಂಡು ಬಂದೋನು ಯಾರು?"

"ನೀವೇ."

"ಮತ್ತೆ?"

"ಬರೆದುಕೊಡಲ್ಲ."

ಅವನು ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದು, ಅಭ್ಯಾಸಬಲದಿಂದ ನನಗೂ ಒಂದು ನೀಡಿದ. ನಾನು ತೆಗೆದುಕೊಳ್ಳಲಿಲ್ಲ. ಆ ಮಧ್ಯಾಹ್ನವೇ ಬಯಲಿನ ಒಳಗೆ ಬಿಡುವ ನನ್ನ ಪಾಸು ಕಿತ್ತುಕೊಂಡು, ಇಬ್ಬರು ಕಾವಲುಗಾರರ ನಡುವೆ ಬಸ್ಸು ಹತ್ತಿಸಿದರು. ಬಾಯಿಬಿಟ್ಟರೆ ಜೈಲು ಎಂದು ಮತ್ತೊಮ್ಮೆ ನೆನಪಿಸಿದರು. ಊರಿನಲ್ಲಿ ನಾನು ಕುಡಿದು ಕೆಲಸ ಕಳೆದುಕೊಂಡೆ ಎಂಬ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಕುಡಿತ ನಮ್ಮ ಪಂಥದ ಚರ್ಚಿನಲ್ಲಿ ನಿಷಿದ್ಧ. ನನ್ನ ತಾಯಿ ಆರು ವಾರ ಚರ್ಚಿಗೆ ಹೋಗಲಿಲ್ಲ.

ಆಮೇಲೆ ನಾನು ಯೂಟಾದ ಒಂದು ಹಾಲಿನ ಡೇರಿಯಲ್ಲಿ ಕೆಲಸಕ್ಕೆ ಸೇರಿದೆ. ಜೈಲಿನ ಹೆದರಿಕೆ ಇದ್ದದ್ದು ನಿಜ. ಆದರೆ ಬಾಯಿ ಮುಚ್ಚಿಕೊಂಡು ಕೂರಲು ಅದೊಂದೇ ಕಾರಣವಾಗಿರಲಿಲ್ಲ. ಹೇಳಹೊರಟರೆ 'ಹತ್ತೊಂಬತ್ತು' ಎಂದು ಕೂಗಿದ್ದನ್ನೂ ಹೇಳಬೇಕಾಗುತ್ತಿತ್ತು. ಎಪ್ಪತ್ತೊಂದನೆಯ ಇಸವಿಯಲ್ಲಿ ನನ್ನ ತಾಯಿ ತೀರಿಕೊಂಡಾಗ ಪ್ರೌಟಿ ಮಣ್ಣಿಗೆ ಬಂದಿದ್ದ. ನರೆತ ತಲೆ, ಒಳ್ಳೆಯ ಕೋಟು. "ಬ್ರದರ್ ಹ್ಯಾಡ್‌ಲಾಕ್, ದೇವರು ನಿನಗೆ ಸಮಾಧಾನ ಕೊಡಲಿ," ಎಂದು ಚರ್ಚಿನ ವಾಡಿಕೆಯಂತೆ ನನ್ನ ಮನೆತನದ ಹೆಸರು ಹಿಡಿದು ಕೈ ಚಾಚಿದ. ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಮೇಷ್ಟ್ರಿಗೆ ಹೀಗೆ ಅವಮಾನ ಮಾಡುವುದೇ ಎಂದು ನನ್ನ ತಂಗಿ ಅಲ್ಲೇ ಅತ್ತಳು. ಅವಳಿಗೆ ಆಗಲೂ ನಾನು ಏನನ್ನೂ ಹೇಳಲಿಲ್ಲ. ಪ್ರೌಟಿ ಎರಡು ವರ್ಷದ ಮೇಲೆ ತನ್ನ ಹಾಸಿಗೆಯಲ್ಲೇ, ಮೊಮ್ಮಕ್ಕಳ ಮಧ್ಯೆ ಸತ್ತ. ಶಾಲೆಯವರು ಅರ್ಧ ದಿನ ರಜೆ ಕೊಟ್ಟರು.

ಎಂಬತ್ತೆರಡರಲ್ಲಿ ಒಂದು ಫೋನು ಬಂತು. ಹೆಂಗಸಿನ ದನಿ, ಬೆಟ್ಟದ ಕಡೆಯ ಎಳೆದಾಡುವ ಮಾತು.

"ನಾನು ವರ್ನಾ, ಲಾನಿ ಟ್ಯಾಕೆಟ್ ಹೆಂಡತಿ. ನಿಮ್ಮನ್ನ ಹುಡುಕೋಕೆ ಎಂಟು ತಿಂಗಳು ಬೇಕಾಯ್ತು. ಜೀವ ಇದೆ ತಾನೆ ನಿಮಗೆ?"

"ಇದೆ."

"ನಮ್ಮನೆಯವರ ಕತ್ತು ನಾಲ್ಕು ಸಲ ಕುಯ್ದಿದ್ದಾರೆ. ಕ್ಯಾನ್ಸರ್. ಪರಿಹಾರಕ್ಕೆ ಅರ್ಜಿ ಹಾಕಿದ್ರೆ, ದಾಖಲೆಯಲ್ಲಿ ಹತ್ತೊಂಬತ್ತು ಅಂತಿದೆ, ನಿಮ್ಮ ರುಜು ಇದೆ ಅಂತಾರೆ. ಇವರು ಹೇಳ್ತಾರೆ, ಅದು ಸುಳ್ಳು ಅಂತ ನಿಮಗೇ ಗೊತ್ತು ಅಂತ."

"ಸುಳ್ಳು," ಎಂದೆ.

"ಬಂದು ಹೇಳ್ತೀರಾ?"

ಎರಡು ದಿನ ಬಸ್ಸಿನಲ್ಲಿ ಹೋದೆ. ವಿಚಾರಣೆ ಕೆಂಟಕಿಯ ಒಂದು ಪಟ್ಟಣದಲ್ಲಿ, ಅಂಚೆ ಕಚೇರಿಯ ಮಹಡಿಯ ಮೇಲಿನ ಕೋಣೆಯಲ್ಲಿ. ಟ್ಯಾಕೆಟ್ ಮುಂಚಿನ ಅರ್ಧವಾಗಿದ್ದ. ಬಲಗಡೆ ದವಡೆಯ ಕೆಳಗೆ ಮಾಂಸವೇ ಇರಲಿಲ್ಲ. ಕುತ್ತಿಗೆಗೆ ಕರವಸ್ತ್ರ ಕಟ್ಟಿಕೊಂಡಿದ್ದ, ಅದು ಒದ್ದೆಯಾಗಿ ವಾಸನೆ ಬರುತ್ತಿತ್ತು. ನನ್ನನ್ನು ನೋಡಿ ತಲೆಯಾಡಿಸಿದ, ಅಷ್ಟೇ.

ಸರ್ಕಾರದ ಕಡೆಯ ವಕೀಲ ಚಿಕ್ಕ ವಯಸ್ಸಿನವನು, ಬಹಳ ಮರ್ಯಾದಸ್ಥ. ಇಪ್ಪತ್ತೈದು ವರ್ಷದ ಹಿಂದಿನ ಕಾಗದವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ತೋರಿಸಿದ. ನನ್ನ ಕೈಬರಹ ದುಂಡಗೆ, ಅಚ್ಚುಕಟ್ಟಾಗಿತ್ತು.

"ಈ ರುಜು ನಿಮ್ಮದೇನಾ ಮಿಸ್ಟರ್ ಹ್ಯಾಡ್‌ಲಾಕ್?"

"ನನ್ನದೇ."

"ಮುನ್ನೂರ ನಲವತ್ತು ಅಂತ ಬರೆದುಕೊಟ್ಟೆ ಅಂತೀರಲ್ಲ, ಆ ಕಾಗದ ಎಲ್ಲಿದೆ?"

"ಡಾಕ್ಟರ ಹತ್ತಿರ ಹೋಯ್ತು. ಆಮೇಲೆ ಗೊತ್ತಿಲ್ಲ."

"ಅಂದ್ರೆ ಇಲ್ಲ. ಒಟ್ಟಿನಲ್ಲಿ ನೀವು ಆವತ್ತು ಸುಳ್ಳು ಹೇಳಿದ್ರಿ, ಇಲ್ಲ ಇವತ್ತು ಹೇಳ್ತಿದೀರಿ. ಯಾವುದು?"

"ಆವತ್ತು," ಎಂದೆ. "ಇನ್ನೂರ ಹದಿಮೂರು ಜನಕ್ಕೆ ಹೇಳಿದೆ. ಅವರಲ್ಲಿ ಮೂವರಿಗೆ ಮಾತ್ರ ಮೊಣಕಾಲು ಅಳೆದೆ. ಉಳಿದೋರಿಗೆ ಇದ್ದದ್ದನ್ನೇ ಕೂಗಿ, ಪಾಸು ಅಂದೆ. ಅದೂ ಸುಳ್ಳೇ. ಆ ಪಟ್ಟಿಯಲ್ಲಿರೋ ಎಲ್ಲರ ಹೆಸರೂ ಬರೆದುಕೊಳ್ಳಿ."

ಅವನು ಬರೆದುಕೊಳ್ಳಲಿಲ್ಲ. ಕಾಗದವನ್ನು ಜೋಪಾನವಾಗಿ ಚೀಲಕ್ಕೆ ಸೇರಿಸಿ ನನಗೆ ವಂದಿಸಿದ. ನಾಲ್ಕು ತಿಂಗಳ ಮೇಲೆ ಅರ್ಜಿ ತಿರಸ್ಕಾರವಾಯಿತು. ಲಿಖಿತ ದಾಖಲೆಯ ಮುಂದೆ ನೆನಪಿನ ಮಾತು ನಿಲ್ಲುವುದಿಲ್ಲ ಎಂದು ಅದರಲ್ಲಿ ಬರೆದಿತ್ತಂತೆ. ಟ್ಯಾಕೆಟ್ ಆ ಕಾಗದ ಬರುವ ಮೊದಲೇ ತೀರಿಹೋಗಿದ್ದ. ವರ್ನಾ ಮತ್ತೆ ಅರ್ಜಿ ಹಾಕಿದಳು. ವಿಚಾರಣೆಯ ಕಡತದಿಂದ ಅವಳು ಪಡೆದ ಆ ಪಟ್ಟಿಯ ನಕಲು ಹಿಡಿದು ನಾವಿಬ್ಬರೂ ಕಾಗದ ಬರೆಯುತ್ತಾ ಇದ್ದೇವೆ. ಇದುವರೆಗೆ ಅರವತ್ತೆರಡು ಮನೆ ಸಿಕ್ಕಿವೆ. ಇಪ್ಪತ್ತೇಳು ಮನೆಗಳಲ್ಲಿ ಮಾತ್ರ ಪಟ್ಟಿಯಲ್ಲಿದ್ದವನು ಬದುಕಿದ್ದಾನೆ.

ವಿಚಾರಣೆ ಮುಗಿದ ಆ ಮಧ್ಯಾಹ್ನ ಮೆಟ್ಟಿಲಿಳಿದು ಬೀದಿಗೆ ಬಂದಾಗ ನಾನು ಬಸ್ ನಿಲ್ದಾಣದ ಕಡೆ ತಿರುಗಿದ್ದೆ. ಟ್ಯಾಕೆಟ್ ಹಿಂದಿನಿಂದ ಕರೆದ. ಅವನ ದನಿ ಗಂಟಲಿನಲ್ಲಿ ಗಾಳಿ ಸೋರಿದ ಹಾಗೆ ಬರುತ್ತಿತ್ತು.

"ಎಲ್ಲಿಗೆ?"

"ಬಸ್ಸಿಗೆ."

"ನಾಳೆ ಬೆಳಗ್ಗೆ ತನಕ ಬಸ್ಸಿಲ್ಲ ಈ ಊರಲ್ಲಿ. ಕಾರು ಹತ್ತು."

"ಬೇಡ ಟ್ಯಾಕೆಟ್. ನಿನಗೆ ನನ್ನ ಮೇಲೆ..."

"ಕೋಪ ಇಲ್ಲ ಅಂತ ನಾನೇನೂ ಹೇಳ್ಲಿಲ್ಲ," ಎಂದ ಅವನು. "ಇದೆ. ಸಾಯೋ ತನಕ ಇರುತ್ತೆ. ಅದು ಬೇರೆ. ವರ್ನಾ ನಿನಗೂ ಸೇರಿಸಿ ಅವರೆಕಾಳು ಬೇಯಿಸಿಟ್ಟು ಬಂದಿದ್ದಾಳೆ, ದಂಡ ಆಗುತ್ತೆ. ಹತ್ತು."

ವರ್ನಾ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲಿದ್ದ ಔಷಧಿ ಚೀಲವನ್ನು ತನ್ನ ಕೈಗೆ ಎತ್ತಿಕೊಂಡಳು. ನಾನು ಹತ್ತಿ ಕೂತೆ. ಕಿಟಕಿ ಮುಚ್ಚಿತ್ತು, ಅವನ ಗಾಯದ ವಾಸನೆ ಕಾರಿನ ತುಂಬ ತುಂಬಿತ್ತು. ಇಪ್ಪತ್ತು ಮೈಲಿ ಬೆಟ್ಟದ ದಾರಿಯುದ್ದಕ್ಕೂ ನಾನು ಗಾಜು ಇಳಿಸಲಿಲ್ಲ.